ಹತ್ತಿ, ಬೈಬಲ್, ಓಟು: ಅಮೆರಿಕ ತನ್ನೊಳಗೇ ಯುದ್ಧ ಮಾಡಿಕೊಂಡದ್ದು ಯಾಕೆ?

2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಹತ್ತಿಯ ಮೇಲಿದ್ದ ಶೇಕಡಾ 11ರ ಆಮದು ಸುಂಕವನ್ನು ಕೆಲವು ತಿಂಗಳ ಮಟ್ಟಿಗೆ ತೆಗೆದುಹಾಕಿತು. ಅದೇ ತಿಂಗಳು ಅಮೆರಿಕ ನಮ್ಮ ಸರಕಿನ ಮೇಲೆ ಶೇಕಡಾ 50ರ ಸುಂಕ ಹೇರಿತ್ತು. ಆಗ ಊರಿಗೆ ಹೋಗಿದ್ದೆ. ಕಟ್ಟೆ ಮೇಲೆ ಕೂತವರದ್ದೆಲ್ಲ ಒಂದೇ ಮಾತು: "ಅಮೆರಿಕದ ಹತ್ತಿ ಬಂದು ಬಿತ್ತಂದ್ರ ನಮ್ಮ ಅರಳಿ ಕೇಳೋರ್ಯಾರು?"

ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ಕೇಳಿದ: "ಅಷ್ಟ್ ಶ್ರೀಮಂತ ದೇಶ, ಅವರ್ಯಾಕ ಹತ್ತಿ ಬೆಳೀತಾರ್ರೀ?"

ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹೇಳಹೊರಟರೆ ಗುಲಾಮಗಿರಿ ಬರುತ್ತದೆ, ಚರ್ಚು ಬರುತ್ತದೆ, ಅಮೆರಿಕದ ಸಂವಿಧಾನ ಬರುತ್ತದೆ, 6 ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧ ಬರುತ್ತದೆ. ಕೊನೆಗೆ ಧಾರವಾಡವೂ ಬರುತ್ತದೆ. ಹಾಗಾಗಿ ಅವತ್ತು ಕಟ್ಟೆ ಮೇಲೆ ಹೇಳೋಕೆ ಆಗದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಇತಿಹಾಸ ಓದುವವರು ದುಡ್ಡು, ಧರ್ಮ, ರಾಜಕೀಯ ಅಂತ ಮೂರು ಬೇರೆ ಬೇರೆ ಪಾಠ ಮಾಡಿಕೊಳ್ಳುತ್ತಾರೆ. ಹತ್ತಿಯ ವಿಷಯದಲ್ಲಿ ಅದು ನಡೆಯುವುದಿಲ್ಲ. ಒಲೆಗುಂಡು ನೋಡಿದ್ದೀರಲ್ಲ, ಮೂರು ಕಲ್ಲು. ಮೂರೂ ಇದ್ದರೆ ಮಾತ್ರ ಗಡಿಗೆ ನಿಲ್ಲುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿ ಎನ್ನುವ ಗಡಿಗೆ ಅಷ್ಟು ವರ್ಷ ನಿಂತದ್ದು ಹಾಗೆ. ಹತ್ತಿ ಲಾಭ ಕೊಟ್ಟಿತು, ಬೈಬಲ್ಲಿನ ಒಂದು ಓದು ಸಮಾಧಾನ ಕೊಟ್ಟಿತು, ಕಾನೂನು ಕಾವಲು ಕೊಟ್ಟಿತು.

ಗುಲಾಮಗಿರಿ ಅಂದರೆ ಜೀತ ಅಲ್ಲ

ನಮಗೆ ಗೊತ್ತಿರುವುದು ಜೀತ. ಸಾಲ ತೀರುವವರೆಗೆ ದುಡಿ ಎನ್ನುವ ಲೆಕ್ಕ. ಸಾಲ ತೀರುವುದೇ ಇಲ್ಲ, ಅದು ಬೇರೆ ಮಾತು. ಅಮೆರಿಕದ ಗುಲಾಮಗಿರಿಯಲ್ಲಿ ಸಾಲವೇ ಇಲ್ಲ. ಮನುಷ್ಯನೇ ಆಸ್ತಿ. ಎತ್ತು, ಬಂಡಿ, ಹೊಲ ಇದ್ದ ಹಾಗೆ. ಮಾರಬಹುದು, ಅಡವಿಡಬಹುದು, ಉಯಿಲಿನಲ್ಲಿ ಮಕ್ಕಳ ಹೆಸರಿಗೆ ಬರೆಯಬಹುದು. ಗುಲಾಮ ಹೆಂಗಸಿಗೆ ಹುಟ್ಟಿದ ಮಗು ಹುಟ್ಟುತ್ತಲೇ ಗುಲಾಮ.

ಆಫ್ರಿಕಾದಿಂದ ಹಿಡಿದು ತಂದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಇಂಗ್ಲಿಷರ ವರ್ಜೀನಿಯಾದಲ್ಲಿ ಇಳಿಸಿದ್ದು 1619ರಲ್ಲಿ. ಆಗ ಅಲ್ಲಿ ಹತ್ತಿಯೇ ಮುಖ್ಯ ಅಲ್ಲ, ತಂಬಾಕು ಮುಖ್ಯ. 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೆ ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿಯನ್ನು ಕೈಬಿಡತೊಡಗಿದವು. ದಕ್ಷಿಣದಲ್ಲೂ ತಂಬಾಕಿನ ಲಾಭ ಇಳಿದಿತ್ತು. ಈ ಪದ್ಧತಿ ತಾನಾಗಿಯೇ ಸವೆದು ಹೋಗುತ್ತದೆ ಎಂದು ಎಷ್ಟೋ ನಾಯಕರು ನಂಬಿದ್ದರು. ನಂಬಿಕೆ ತಲೆಕೆಳಗಾಗಿದ್ದು ಒಂದು ಮರದ ಪೆಟ್ಟಿಗೆಯಿಂದ.

ಬೀಜ ಬಿಡಿಸುವ ಪೆಟ್ಟಿಗೆ

ನಮ್ಮ ಅಜ್ಜಿ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಿರಿದ ಕಾಯಿಯ ಸಿಪ್ಪೆಗೆ ಒಣಗಿದ ಮೇಲೆ ಮುಳ್ಳಿನಂಥ ತುದಿ. ಸಂಜೆ ಹೊತ್ತಿಗೆ ಉಗುರಿನ ಸುತ್ತ ಸಣ್ಣ ಸಣ್ಣ ಗಾಯ. ಅದಕ್ಕೆ ಎಣ್ಣೆ ಸವರಿಕೊಂಡು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆದರೆ ಗಿಡದಿಂದ ಬಿಡಿಸುವುದು ಅರ್ಧ ಕೆಲಸ ಅಷ್ಟೇ. ಅರಳೆಯೊಳಗೆ ಬೀಜ ಇರುತ್ತದಲ್ಲ, ಅದನ್ನು ಬೇರೆ ಮಾಡಬೇಕು.

ಅಮೆರಿಕದ ಒಳನಾಡಿನಲ್ಲಿ ಬೆಳೆಯುತ್ತಿದ್ದ ಹತ್ತಿಯ ಬೀಜ ಹಸಿರು ಬಣ್ಣದ್ದು, ಎಳೆಗೆ ಅಂಟಿಕೊಂಡು ಬಿಡುವುದೇ ಇಲ್ಲ. ಒಬ್ಬ ಆಳು ದಿನವಿಡೀ ಕೈಯಲ್ಲಿ ಕಿತ್ತರೂ ಒಂದು ಪೌಂಡ್, ಅಂದರೆ ಅರ್ಧ ಕೆಜಿಗೂ ಕಡಿಮೆ ಅರಳೆ ಸಿಗುತ್ತಿತ್ತು. ಯಾವ ಲೆಕ್ಕಕ್ಕೂ ಗಿಟ್ಟದ ಕೆಲಸ. 1793ರಲ್ಲಿ ಜಾರ್ಜಿಯಾದ ಸವಾನಾ ಊರಿನ ಹತ್ತಿರದ ತೋಟವೊಂದರಲ್ಲಿ ಉಳಿದುಕೊಂಡಿದ್ದ ಎಲಿ ವಿಟ್ನಿ ಎಂಬ ತರುಣ ಒಂದು ಯಂತ್ರ ಮಾಡಿದ. ಉರುಳೆಯ ಮೇಲಿನ ಮೊಳೆಗಳು ಅರಳೆಯನ್ನು ಸಣ್ಣ ಸಂದಿನಲ್ಲಿ ಎಳೆಯುತ್ತವೆ, ಬೀಜ ಆಚೆಯೇ ಉಳಿಯುತ್ತದೆ. ಇಷ್ಟೇ. ನಮ್ಮ ಜಿನ್ನಿಂಗ್ ಮಿಲ್ಲಿನ 'ಜಿನ್' ಇದೇ. ಕೈಯಿಂದ ತಿರುಗಿಸಿದರೂ ದಿನಕ್ಕೆ 50 ಪೌಂಡ್ ಅರಳೆ ಬರುತ್ತದೆ ಎಂದು ವಿಟ್ನಿ ಹೇಳಿಕೊಂಡ.

ಯಂತ್ರ ಬಂದರೆ ಆಳಿನ ಕೆಲಸ ಕಡಿಮೆ ಆಗಬೇಕು, ಅಲ್ವಾ? ಆದದ್ದು ಉಲ್ಟಾ. ಬೀಜ ಬಿಡಿಸುವ ಅಡ್ಡಿ ಹೋದ ಮೇಲೆ ಎಷ್ಟು ಬೆಳೆದರೂ ಮಾರಬಹುದು. ಬಿತ್ತುವುದು, ಕಳೆ ತೆಗೆಯುವುದು, ಬಿಡಿಸುವುದು ಮಾತ್ರ ಇನ್ನೂ ಕೈಗೆಲಸವೇ. ಹಾಗಾಗಿ ಕೈಗಳ ಬೇಡಿಕೆ ಏರಿತು. 1790ರಲ್ಲಿ ವರ್ಷಕ್ಕೆ ಕೆಲವೇ ಸಾವಿರ ಬೇಲು (ಒತ್ತಿ ಕಟ್ಟಿದ ಅರಳೆಯ ಪಿಂಡಿ) ಇದ್ದ ಬೆಳೆ 1860ರ ಹೊತ್ತಿಗೆ 40 ಲಕ್ಷ ಬೇಲಿನ ಆಸುಪಾಸಿಗೆ ಹೋಯಿತು. ಗುಲಾಮರ ಸಂಖ್ಯೆ 7 ಲಕ್ಷದಿಂದ ಸುಮಾರು 40 ಲಕ್ಷಕ್ಕೆ ಏರಿತು.

ತೋಟಗಳಲ್ಲಿ ದಿನದ ಕೊನೆಗೆ ತೂಕ ಇರುತ್ತಿತ್ತು. ನ್ಯೂಯಾರ್ಕಿನ ಸ್ವತಂತ್ರ ಕಪ್ಪು ನಾಗರಿಕ ಸಾಲೊಮನ್ ನಾರ್ಥಪ್‌ನನ್ನು 1841ರಲ್ಲಿ ಅಪಹರಿಸಿ ಲೂಸಿಯಾನಾಕ್ಕೆ ಮಾರಿದ್ದರು. 12 ವರ್ಷದ ನಂತರ ಬಿಡುಗಡೆಯಾಗಿ ಬಂದ ಆತ ಬರೆದಿಟ್ಟ ಪ್ರಕಾರ, ದಿನಕ್ಕೆ ಒಬ್ಬರು 200 ಪೌಂಡ್, ಅಂದರೆ 90 ಕೆಜಿ ಬಿಡಿಸಬೇಕಿತ್ತು. ಕಡಿಮೆ ಬಿದ್ದರೆ ಚಾಟಿ. ಜಾಸ್ತಿ ಬಿಡಿಸಿದರೂ ಕಷ್ಟ, ನಾಳೆಯಿಂದ ಅದೇ ಹೊಸ ಅಳತೆ. ನಮ್ಮ ಅಜ್ಜಿ 30 ಕೆಜಿ ದಾಟಿದ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಳು.

ಮನುಷ್ಯರನ್ನು ಅಡವಿಟ್ಟು ಸಾಲ

1808ರಿಂದ ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ ನಿಷೇಧಿಸಿತು. ಆದರೆ ಒಳಗಿನ ಮಾರಾಟಕ್ಕೆ ಅಡ್ಡಿ ಇರಲಿಲ್ಲ. ತಂಬಾಕಿನ ವರ್ಜೀನಿಯಾ ಕಡೆಯಿಂದ ಹತ್ತಿಯ ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ ಕಡೆಗೆ ಸುಮಾರು 10 ಲಕ್ಷ ಜನರನ್ನು ಮಾರಿದರು ಅಥವಾ ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ.

ಇದು ಬರೀ ದಕ್ಷಿಣದವರ ವ್ಯವಹಾರ ಎಂದುಕೊಂಡರೆ ತಪ್ಪು. ತೋಟದವರು ಗುಲಾಮರನ್ನೇ ಅಡವಿಟ್ಟು ಸಾಲ ಎತ್ತುತ್ತಿದ್ದರು, ನಾವು ಬಂಗಾರ ಇಟ್ಟು ಎತ್ತುವ ಹಾಗೆ. ಹತ್ತಿ ವ್ಯಾಪಾರಕ್ಕೆ ಸಾಲ, ವಿಮೆ, ಹಡಗು ಕೊಡುತ್ತಿದ್ದದ್ದು ನ್ಯೂಯಾರ್ಕು. ಬಟ್ಟೆ ನೇಯುತ್ತಿದ್ದದ್ದು ಉತ್ತರದ ಲೋವೆಲ್ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳು. 1860ರಲ್ಲಿ ಅಮೆರಿಕದ ರಫ್ತಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ. ಗುಲಾಮರ ಒಟ್ಟು 'ಬೆಲೆ' 300 ಕೋಟಿ ಡಾಲರಿಗೂ ಮೇಲೆ ಎಂದು ಲೆಕ್ಕ ಹಾಕಿದ್ದಾರೆ. ಆ ದೇಶದ ರೈಲು ಮತ್ತು ಕಾರ್ಖಾನೆಗಳಿಗೆ ಹೂಡಿದ ಬಂಡವಾಳವನ್ನು ಒಟ್ಟು ಮಾಡಿದರೂ ಅಷ್ಟಾಗುತ್ತಿರಲಿಲ್ಲ. 1861ರ ಜನವರಿಯಲ್ಲಿ ದಕ್ಷಿಣದ ರಾಜ್ಯಗಳು ಬೇರೆಯಾಗುತ್ತಿದ್ದಾಗ ನ್ಯೂಯಾರ್ಕಿನ ಮೇಯರ್ ಫರ್ನಾಂಡೋ ವುಡ್, ನಮ್ಮ ನಗರವೂ ಬೇರೆಯಾಗಿ ಹತ್ತಿ ವ್ಯಾಪಾರ ಉಳಿಸಿಕೊಳ್ಳಲಿ ಎಂಬ ಸಲಹೆಯನ್ನೇ ಮುಂದಿಟ್ಟಿದ್ದ!

ಇನ್ನೊಂದು ಮಾತು. ದಕ್ಷಿಣದ ಬಿಳಿಯ ಕುಟುಂಬಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದದ್ದು ಕಾಲು ಭಾಗದಷ್ಟು ಮಾತ್ರ. ಉಳಿದ ಬಡ ಬಿಳಿಯರು ಈ ಪದ್ಧತಿಯ ಪರ ಯಾಕೆ ನಿಂತರು? ಬರೀ ದುಡ್ಡಿನ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ತಮಗಿಂತ ಕೆಳಗೆ ಒಬ್ಬರಿದ್ದಾರೆ ಎನ್ನುವ ಸಮಾಧಾನದ ಬೆಲೆ ಎಷ್ಟು ಅಂತ ಜಾತಿ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಆ ಸಮಾಧಾನವನ್ನು ಗಟ್ಟಿ ಮಾಡಿದ್ದು ಭಾನುವಾರದ ಪ್ರವಚನ. ಅದಕ್ಕೆ ಆಮೇಲೆ ಬರೋಣ.

ಐದರಲ್ಲಿ ಮೂರು ಪಾಲು

ಮೊದಲು ಅಮೆರಿಕದ ಸಂಸತ್ತಿನ ಲೆಕ್ಕ. ಅಲ್ಲಿ ಎರಡು ಸದನ. ಸೆನೆಟ್‌ನಲ್ಲಿ ದೊಡ್ಡದಿರಲಿ, ಸಣ್ಣದಿರಲಿ, ಪ್ರತಿ ರಾಜ್ಯಕ್ಕೆ 2 ಸ್ಥಾನ. ಕೆಳಮನೆಯಲ್ಲಿ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ. ಅಧ್ಯಕ್ಷರನ್ನು ಆರಿಸುವುದು ನೇರವಾಗಿ ಜನರಲ್ಲ, ಎಲೆಕ್ಟೋರಲ್ ಕಾಲೇಜ್. ಒಂದು ರಾಜ್ಯಕ್ಕೆ ಎರಡೂ ಸದನಗಳಲ್ಲಿ ಒಟ್ಟು ಎಷ್ಟು ಸ್ಥಾನವೋ ಅಷ್ಟು ಎಲೆಕ್ಟೋರಲ್ ಓಟು. ಇವತ್ತಿಗೂ ಇದೇ ಲೆಕ್ಕ. ಹೆಚ್ಚು ಜನ ಓಟು ಹಾಕಿದವರು ಅಲ್ಲಿ ಒಮ್ಮೊಮ್ಮೆ ಸೋಲುವುದು ಇದರಿಂದಲೇ.

1787ರಲ್ಲಿ ಸಂವಿಧಾನ ಬರೆಯಲು ಕೂತಾಗ ಜಗಳ ಬಂತು. ಜನಸಂಖ್ಯೆ ಎಣಿಸುವಾಗ ಗುಲಾಮರನ್ನು ಎಣಿಸಬೇಕೋ ಬೇಡವೋ? ಎಣಿಸಿ ಎಂದವರು ಯಾರು ಗೊತ್ತಾ? ಗುಲಾಮರ ಒಡೆಯರು. ಯಾಕೆಂದರೆ ತಲೆ ಜಾಸ್ತಿ ಆದರೆ ಸ್ಥಾನ ಜಾಸ್ತಿ. ಬೇಡ ಎಂದವರು ಉತ್ತರದವರು. ಕೊನೆಗೆ ರಾಜಿ: 5 ಗುಲಾಮರನ್ನು 3 ಜನ ಎಂದು ಎಣಿಸಿ. ಒಂದು ರಾಜ್ಯದಲ್ಲಿ 5 ಲಕ್ಷ ಸ್ವತಂತ್ರರು, 5 ಲಕ್ಷ ಗುಲಾಮರು ಇದ್ದರೆ ಲೆಕ್ಕಕ್ಕೆ 8 ಲಕ್ಷ. ಓಟು ಮಾತ್ರ ಗುಲಾಮರಿಗಿಲ್ಲ. ರೇಷನ್ ಕಾರ್ಡಿನಲ್ಲಿ ಆಳುಗಳ ಹೆಸರು ಬರೆಸಿ, ಬಂದ ಅಕ್ಕಿಯನ್ನೆಲ್ಲ ಧಣಿ ತನ್ನ ಮನೆಗೆ ಹೊತ್ತುಕೊಂಡು ಹೋದ ಹಾಗೆ.

ಇದರ ಫಲ ಚೆನ್ನಾಗಿಯೇ ಬಂತು. ಮೊದಲ 12 ಅಧ್ಯಕ್ಷರಲ್ಲಿ 10 ಜನ ಜೀವನದ ಯಾವುದೋ ಒಂದು ಹಂತದಲ್ಲಿ ಗುಲಾಮರ ಒಡೆಯರಾಗಿದ್ದವರು. 1800ರ ಅಧ್ಯಕ್ಷ ಚುನಾವಣೆಯಲ್ಲಿ ದಕ್ಷಿಣದ ಥಾಮಸ್ ಜೆಫರ್ಸನ್‌ಗೆ 73 ಎಲೆಕ್ಟೋರಲ್ ಓಟು, ಉತ್ತರದ ಜಾನ್ ಆಡಮ್ಸ್‌ಗೆ 65. ಈ ಐದರಲ್ಲಿ ಮೂರರ ಲೆಕ್ಕ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಎಂದು ಎಷ್ಟೋ ಇತಿಹಾಸಕಾರರು ಕೂಡಿ ಕಳೆದು ತೋರಿಸಿದ್ದಾರೆ.

ಒಂದೇ ಪುಸ್ತಕ, ಎರಡು ಓದು

1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಡ್ಜ್ ಎಂಬಲ್ಲಿ ಸಾವಿರಾರು ಜನ ಬಂಡಿ ಕಟ್ಟಿಕೊಂಡು ಬಂದು ಬಯಲಲ್ಲಿ ಬಿಡಾರ ಹೂಡಿದರು. ಏಳು ದಿನದ ಹತ್ತಿರ ಪ್ರಾರ್ಥನೆ, ಪ್ರವಚನ, ಅಳು, ಕುಣಿತ, ನೆಲಕ್ಕೆ ಬಿದ್ದು ಹೊರಳಾಟ. ಒಂದು ದೊಡ್ಡ ಜಾತ್ರೆ ಎಂದುಕೊಳ್ಳಿ. ಇಂಥ ಕೂಟಗಳು ದೇಶದ ತುಂಬ ನಡೆದವು. ಮೆಥಡಿಸ್ಟ್ ಮತ್ತು ಬ್ಯಾಪ್ಟಿಸ್ಟ್ ಎಂಬ ಎರಡು ಪಂಗಡಗಳು ಇದರಿಂದ ಹುಲುಸಾಗಿ ಬೆಳೆದವು. ಓದು ಬಾರದ ರೈತನಿಗೂ ಅರ್ಥವಾಗುವ ಮಾತು, ಕುದುರೆ ಮೇಲೆ ಊರೂರು ಸುತ್ತುವ ಪ್ರಚಾರಕರು. ಕಪ್ಪು ಜನರೂ ಈ ಕೂಟಗಳಿಗೆ ಬಂದರು.

ಶುರುವಿನಲ್ಲಿ ಈ ಪಂಗಡಗಳ ಒಲವು ಗುಲಾಮಗಿರಿಯ ವಿರುದ್ಧವೇ ಇತ್ತು. 1784ರಲ್ಲಿ ಮೆಥಡಿಸ್ಟರು ತಮ್ಮ ಸದಸ್ಯರಿಗೆ ಗುಲಾಮರನ್ನು ಬಿಟ್ಟುಬಿಡಿ ಎಂದು ನಿಯಮ ಮಾಡಿದರು. ಸದಸ್ಯರ ಗಲಾಟೆಗೆ ಮರುವರ್ಷವೇ ಅದನ್ನು ತಡೆಹಿಡಿದರು. ಕ್ವೇಕರರು ಎಂಬ ಸಣ್ಣ ಪಂಗಡ ಮಾತ್ರ ಹಿಂದೆ ಸರಿಯಲಿಲ್ಲ. ಫಿಲಡೆಲ್ಫಿಯಾದ ಅವರ ಸಭೆ 1776ರಲ್ಲೇ ತಮ್ಮವರು ಯಾರೂ ಗುಲಾಮರನ್ನು ಇಟ್ಟುಕೊಳ್ಳಬಾರದು ಎಂದಿತು.

ಹತ್ತಿಯ ದುಡ್ಡು ಹೆಚ್ಚಾದ ಹಾಗೆ ದಕ್ಷಿಣದ ಪ್ರವಚನ ಬದಲಾಯಿತು. ಮೊದಮೊದಲು 'ಇದು ಕೆಟ್ಟದ್ದೇ, ಆದರೆ ಬಿಡಲಾಗದ್ದು' ಎನ್ನುತ್ತಿದ್ದವರು 1830ರ ನಂತರ 'ಇದು ದೇವರೇ ಒಪ್ಪಿದ ವ್ಯವಸ್ಥೆ' ಎನ್ನತೊಡಗಿದರು. ಆಧಾರಕ್ಕೆ ಬೈಬಲ್ಲಿನ ಮಾತುಗಳನ್ನೇ ಹಿಡಿದರು. ನೋಹನು ತನ್ನ ಮೊಮ್ಮಗ ಕಾನಾನನನ್ನು ಶಪಿಸಿದ ಕಥೆ, ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಪೌಲನ ಪತ್ರದ ಸಾಲು. ಆ ಶಾಪದ ಕಥೆಯಲ್ಲಿ ಮೈಬಣ್ಣದ ಮಾತೇ ಇಲ್ಲ ಎನ್ನುವುದನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಉತ್ತರದ ಗುಲಾಮಗಿರಿ ವಿರೋಧಿಗಳು ಅದೇ ಪುಸ್ತಕದ ಬೇರೆ ಪುಟ ತೆರೆದರು. ದೇವರು ಎಲ್ಲ ಜನಾಂಗಗಳನ್ನೂ ಒಂದೇ ರಕ್ತದಿಂದ ಮಾಡಿದ ಎಂಬ ಮಾತು ಅಲ್ಲಿದೆ.

ಮೂರನೆಯ ಓದು ಗುಲಾಮರದ್ದೇ. ಒಡೆಯನ ಚರ್ಚಿನಲ್ಲಿ ವಿಧೇಯತೆಯ ಪಾಠ ಕೇಳಿ ಬಂದವರು ರಾತ್ರಿ ಕಾಡಿನ ಮರೆಯಲ್ಲಿ ಸೇರಿ ಮೋಶೆಯ ಕಥೆ ಹೇಳಿಕೊಳ್ಳುತ್ತಿದ್ದರು. ಈಜಿಪ್ಟಿನ ದೊರೆಯಿಂದ ದಾಸರನ್ನು ಬಿಡಿಸಿಕೊಂಡು ಹೋದವನು ಮೋಶೆ. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ, ತಾನೇ ಪ್ರವಚನಕಾರ, ದಂಗೆ ಎದ್ದ. ಐವತ್ತಕ್ಕೂ ಹೆಚ್ಚು ಬಿಳಿಯರು ಸತ್ತರು. ಸೇಡಿಗೆ ಸತ್ತ ಕಪ್ಪು ಜನ ಅದಕ್ಕಿಂತ ಹೆಚ್ಚು. ಅದಾದ ಮೇಲೆ ಗುಲಾಮರಿಗೆ ಓದು ಕಲಿಸುವುದಕ್ಕೆ, ಕಪ್ಪು ಪ್ರವಚನಕಾರರಿಗೆ ಕಾನೂನಿನ ಕಡಿವಾಣ ಬಿತ್ತು.

ಒಬ್ಬ ಬಿಷಪ್‌ನ ಮದುವೆ

ಒಲೆಯ ಮೂರೂ ಗುಂಡು ಒಟ್ಟಿಗೆ ಕಾಣಬೇಕಿದ್ದರೆ ಜೇಮ್ಸ್ ಆಂಡ್ರೂ ಎಂಬ ಮೆಥಡಿಸ್ಟ್ ಬಿಷಪ್‌ನ ಪ್ರಕರಣ ನೋಡಬೇಕು. ಊರು ಜಾರ್ಜಿಯಾ. 1844ರಲ್ಲಿ ಮರುಮದುವೆಯಾದ. ಹೆಂಡತಿಗೆ ಗುಲಾಮರಿದ್ದರು. ಆತನ ಕೈಗೂ ಉಯಿಲಿನಿಂದ ಒಬ್ಬ ಹುಡುಗಿ ಬಂದಿದ್ದಳು. ಬಿಷಪ್ ಅಂದರೆ ಇಡೀ ದೇಶದ ಚರ್ಚಿಗೆ ಹಿರಿಯ. ಉತ್ತರದವರು, ಗುಲಾಮರ ಒಡೆಯ ನಮಗೆ ಹಿರಿಯನಾಗಿ ಬೇಡ ಎಂದರು. ಆಂಡ್ರೂ ಹೇಳಿದ್ದು: ಬಿಟ್ಟುಬಿಡೋಣ ಅಂದರೂ ಜಾರ್ಜಿಯಾದ ಕಾನೂನು ಬಿಡಲು ಕೊಡುವುದಿಲ್ಲ. ಅದು ಸುಳ್ಳಲ್ಲ. ಗುಲಾಮರನ್ನು ಸ್ವತಂತ್ರಗೊಳಿಸುವುದನ್ನೇ ಆ ರಾಜ್ಯ ಕಾನೂನಿನಿಂದ ಕಟ್ಟಿಹಾಕಿತ್ತು. ಆಸ್ತಿ, ಕಾನೂನು, ಧರ್ಮ, ಮೂರೂ ಒಂದೇ ಮನೆಯೊಳಗೆ.

ಬಿಷಪ್ ಕೆಲಸ ಬಿಟ್ಟಿರಲಿ ಎಂದು ಸಭೆ ಓಟು ಹಾಕಿ ತೀರ್ಮಾನಿಸಿತು. ದಕ್ಷಿಣದವರು ಎದ್ದು ಹೋಗಿ ಬೇರೆ ಚರ್ಚು ಕಟ್ಟಿಕೊಂಡರು. 1845ರ ಮೇ ತಿಂಗಳಲ್ಲಿ ಬ್ಯಾಪ್ಟಿಸ್ಟರೂ ಒಡೆದರು. ಗುಲಾಮರ ಒಡೆಯರನ್ನು ಧರ್ಮಪ್ರಚಾರಕರಾಗಿ ಕಳಿಸಬಹುದೇ ಎನ್ನುವುದು ಅಲ್ಲಿನ ಜಗಳ. ಜಾರ್ಜಿಯಾದ ಅಗಸ್ಟಾದಲ್ಲಿ ಅವತ್ತು ಹುಟ್ಟಿದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಇವತ್ತು ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡ. ತನ್ನ ಹುಟ್ಟಿನ ಈ ಹಿನ್ನೆಲೆಗೆ ಅದು ಕ್ಷಮೆ ಕೇಳಿದ್ದು 1995ರಲ್ಲಿ.

ಚರ್ಚು ಒಡೆದರೆ ದೇಶಕ್ಕೇನು? ಆ ಕಾಲದಲ್ಲಿ ಉತ್ತರದ ಹಳ್ಳಿಯವನನ್ನೂ ದಕ್ಷಿಣದ ಹಳ್ಳಿಯವನನ್ನೂ ಕೂಡಿಸುತ್ತಿದ್ದ ದೊಡ್ಡ ಸಂಸ್ಥೆಗಳೇ ಇವು. ಗುಲಾಮಗಿರಿಯ ದೊಡ್ಡ ವಕೀಲ, ಸೆನೆಟರ್ ಜಾನ್ ಕ್ಯಾಲ್‌ಹೂನ್ ಇದನ್ನು ಸರಿಯಾಗಿ ಗುರುತಿಸಿದ. 1850ರ ಮಾರ್ಚ್ 4ರಂದು ಅವನ ಕೊನೆಯ ದೊಡ್ಡ ಭಾಷಣ. ಓದಲು ಶಕ್ತಿ ಇರಲಿಲ್ಲ, ಕಂಬಳಿ ಹೊದ್ದು ಕೂತಿದ್ದ, ಬೇರೊಬ್ಬ ಸೆನೆಟರ್ ಓದಿದ. ರಾಜ್ಯಗಳನ್ನು ಕಟ್ಟಿದ ಹುರಿಗಳು ಒಂದೊಂದಾಗಿ ಹರಿಯುತ್ತಿವೆ, ಮೊದಲು ಹರಿದದ್ದು ಮೆಥಡಿಸ್ಟ್ ಚರ್ಚು, ಆಮೇಲೆ ಬ್ಯಾಪ್ಟಿಸ್ಟ್ ಎಂಬುದು ಅದರ ಸಾರ. ಆ ತಿಂಗಳು ಮುಗಿಯುವ ದಿನ ಅವನು ತೀರಿಕೊಂಡ.

ಹೊಸ ನೆಲ ಯಾರದ್ದು?

ಹತ್ತಿ ನೆಲದ ಸತ್ವ ಹೀರುವ ಬೆಳೆ. ಅಲ್ಲಿನವರು ಗೊಬ್ಬರ ಹಾಕಿ ಕಾಪಾಡುವ ಬದಲು ಹಳೆ ನೆಲ ಬಿಟ್ಟು ಪಶ್ಚಿಮಕ್ಕೆ ಸರಿಯುತ್ತಿದ್ದರು. ಹಾಗಾಗಿ ಹೊಸ ನೆಲ ಬೇಕೇ ಬೇಕು. ರಾಜಕೀಯಕ್ಕೂ ಬೇಕು. ಹೊಸ ರಾಜ್ಯ ಗುಲಾಮಗಿರಿ ಒಪ್ಪಿದರೆ ಸೆನೆಟ್‌ನಲ್ಲಿ ದಕ್ಷಿಣಕ್ಕೆ 2 ಸ್ಥಾನ ಹೆಚ್ಚು, ಒಪ್ಪದಿದ್ದರೆ ಉತ್ತರಕ್ಕೆ.

1819ರಲ್ಲಿ ಎರಡೂ ಕಡೆ ತಲಾ 11 ರಾಜ್ಯ. 1820ರಲ್ಲಿ ಮಿಸೌರಿಯನ್ನು ಗುಲಾಮ ರಾಜ್ಯವಾಗಿ, ಮೇನ್ ಅನ್ನು ಸ್ವತಂತ್ರ ರಾಜ್ಯವಾಗಿ ಸೇರಿಸಲು ರಾಜಿ ಆಯಿತು, ಪಶ್ಚಿಮದ ಉಳಿದ ನೆಲಕ್ಕೆ ಒಂದು ಗೆರೆ ಎಳೆದು, ಅದರ ಉತ್ತರಕ್ಕೆ ಗುಲಾಮಗಿರಿ ಇಲ್ಲ ಎಂದರು. 1850ರಲ್ಲಿ ಇನ್ನೊಂದು ರಾಜಿ: ಕ್ಯಾಲಿಫೋರ್ನಿಯಾ ಸ್ವತಂತ್ರ ರಾಜ್ಯ, ಬದಲಿಗೆ ಓಡಿಹೋದ ಗುಲಾಮರನ್ನು ಹಿಡಿದು ಕೊಡುವ ಬಿಗಿ ಕಾನೂನು. ಆ ಕಾನೂನಿನಲ್ಲಿ ಒಂದು ವಿವರ ಇದೆ. ಸಿಕ್ಕಿಬಿದ್ದವನು ಓಡಿಬಂದ ಗುಲಾಮನೇ ಎಂದು ತೀರ್ಪು ಕೊಟ್ಟರೆ ಅಧಿಕಾರಿಗೆ 10 ಡಾಲರ್ ಶುಲ್ಕ. ಅಲ್ಲ ಎಂದರೆ 5 ಡಾಲರ್.

1854ರಲ್ಲಿ ಕಾನ್ಸಾಸ್ ಪ್ರದೇಶದಲ್ಲಿ ಹಳೆ ಗೆರೆಯನ್ನೇ ಅಳಿಸಿ, ಅಲ್ಲಿ ನೆಲೆಸಿದವರೇ ಓಟು ಹಾಕಿ ನಿರ್ಧರಿಸಲಿ ಎಂದರು. ಓಟಿಗಾಗಿ ಎರಡೂ ಕಡೆಯವರು ಜನ ತುಂಬಿದರು, ಹೊಡೆದಾಟ ಶುರುವಾಯಿತು. ನ್ಯೂಯಾರ್ಕಿನ ಪಕ್ಕದ ಬ್ರೂಕ್ಲಿನ್‌ನ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ಅಲ್ಲಿಗೆ ರೈಫಲ್ ಕಳಿಸಲು ಚಂದಾ ಎತ್ತಿದ. ಆ ರೈಫಲ್‌ಗಳಿಗೆ ಜನ ಇಟ್ಟ ಹೆಸರು 'ಬೀಚರ್ ಬೈಬಲ್'. ಅದೇ 1854ರಲ್ಲಿ ಗುಲಾಮಗಿರಿ ಹರಡಬಾರದು ಎಂದು ಹುಟ್ಟಿದ್ದು ರಿಪಬ್ಲಿಕನ್ ಪಕ್ಷ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕಪ್ಪು ಜನ ಅಮೆರಿಕದ ಪ್ರಜೆಗಳೇ ಆಗಲಾರರು ಎಂದು ತೀರ್ಪು ಕೊಟ್ಟಿತು. ರಾಜಿಯ ದಾರಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

1860ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಅಬ್ರಹಾಂ ಲಿಂಕನ್ ಶೇಕಡಾ 40ಕ್ಕೂ ಕಡಿಮೆ ಓಟು ಪಡೆದು, 180 ಎಲೆಕ್ಟೋರಲ್ ಓಟುಗಳಿಂದ ಗೆದ್ದರು. ದಕ್ಷಿಣದ ಒಂದು ಎಲೆಕ್ಟೋರಲ್ ಓಟೂ ಬೇಕಾಗಲಿಲ್ಲ. ಯಾವ ಲೆಕ್ಕ 70 ವರ್ಷ ದಕ್ಷಿಣದ ಕೈ ಹಿಡಿದಿತ್ತೋ ಅದು ಕೈಬಿಟ್ಟಿತ್ತು. ಲಿಂಕನ್ ಆಗ ಹೇಳುತ್ತಿದ್ದದ್ದು ಗುಲಾಮಗಿರಿ ಹೊಸ ನೆಲಕ್ಕೆ ಹರಡಬಾರದು ಎಂದಷ್ಟೇ. ಹರಡುವುದು ನಿಂತರೆ ಗುಲಾಮರ ಬೆಲೆಯೂ ಬೀಳುತ್ತದೆ, ಸೆನೆಟ್‌ನ ಬಲವೂ ಬೀಳುತ್ತದೆ ಎನ್ನುವುದು ತೋಟದ ಒಡೆಯರಿಗೆ ಗೊತ್ತಿತ್ತು. ಡಿಸೆಂಬರ್ 20ರಂದು ಸೌತ್ ಕ್ಯಾರೊಲಿನಾ ಬೇರೆಯಾಯಿತು. ಕೊನೆಗೆ 11 ರಾಜ್ಯಗಳು ಹೊರಬಿದ್ದವು.

ಯುದ್ಧ ಆದದ್ದು ಸುಂಕಕ್ಕಾಗಿ, ರಾಜ್ಯಗಳ ಹಕ್ಕಿಗಾಗಿ ಎನ್ನುವವರು ಈಗಲೂ ಇದ್ದಾರೆ. ಸುಂಕದ ಜಗಳ ನಿಜವಾಗಿ ಇತ್ತು. 1832ರಲ್ಲಿ ಸೌತ್ ಕ್ಯಾರೊಲಿನಾ ಕೇಂದ್ರದ ಸುಂಕವನ್ನು ಒಪ್ಪುವುದಿಲ್ಲ ಎಂದು ಸೆಟೆದು ನಿಂತಿತ್ತು. ಆದರೆ 1861ರಲ್ಲಿ ಬೇರೆಯಾಗುವಾಗ ಮಿಸಿಸಿಪ್ಪಿ ತನ್ನ ಘೋಷಣೆಯಲ್ಲಿ ಬರೆದದ್ದು ಸುಂಕದ ಮಾತಲ್ಲ. ನಮ್ಮ ನೆಲೆ ಗುಲಾಮಗಿರಿಯೊಂದಿಗೇ ಪೂರ್ತಿ ಬೆಸೆದುಕೊಂಡಿದೆ, ಅದು ಜಗತ್ತಿನ ಅತಿ ದೊಡ್ಡ ಆರ್ಥಿಕ ಹಿತ ಎಂದು ನೇರವಾಗಿ ಬರೆದುಕೊಂಡಿತು.

1861ರ ಏಪ್ರಿಲ್ 12ರಂದು ಮೊದಲ ಗುಂಡು. ನಾಲ್ಕು ವರ್ಷ ಯುದ್ಧ. 1863ರ ಜನವರಿ 1ರಂದು ಲಿಂಕನ್ ಬಂಡಾಯದ ರಾಜ್ಯಗಳ ಗುಲಾಮರು ಸ್ವತಂತ್ರರು ಎಂದು ಸಾರಿದರು. 1865ರ ಮಾರ್ಚ್‌ನಲ್ಲಿ ಎರಡನೆಯ ಬಾರಿ ಅಧಿಕಾರ ವಹಿಸಿಕೊಂಡಾಗ, ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಪ್ರಾರ್ಥಿಸುವುದು ಒಂದೇ ದೇವರನ್ನು ಎಂದರು. ಆರು ವಾರದಲ್ಲಿ ಅವರನ್ನು ಕೊಂದರು. ಆ ವರ್ಷದ ಕೊನೆಗೆ ಸಂವಿಧಾನದ 13ನೆಯ ತಿದ್ದುಪಡಿ ಬಂದು ಗುಲಾಮಗಿರಿ ದೇಶದಿಂದ ಹೋಯಿತು.

ಬಿಡುಗಡೆ ಸಿಕ್ಕಿತು, ಹೊಲ ಸಿಗಲಿಲ್ಲ

ಸ್ವತಂತ್ರರಾದ 40 ಲಕ್ಷ ಜನರ ಕೈಯಲ್ಲಿ ಏನಿತ್ತು? ಏನೂ ಇಲ್ಲ. ಕೆಲವು ಕಡೆ ಕುಟುಂಬಕ್ಕೆ 40 ಎಕರೆವರೆಗೆ ಕೊಡುವ ಆದೇಶವನ್ನು ಸೇನಾಧಿಕಾರಿ ಶೆರ್ಮನ್ 1865ರ ಜನವರಿಯಲ್ಲಿ ಹೊರಡಿಸಿದ್ದ. ಲಿಂಕನ್ ನಂತರ ಬಂದ ಆಂಡ್ರೂ ಜಾನ್ಸನ್ ಅದನ್ನು ಹಿಂದಕ್ಕೆ ಪಡೆದು, ನೆಲವನ್ನು ಹಳೆ ಒಡೆಯರಿಗೇ ಮರಳಿಸಿದರು. ಹಾಗಾಗಿ ಅದೇ ಹೊಲ, ಅದೇ ಹತ್ತಿ, ಈಗ ಪಾಲಿಗೆ. ಬೀಜ, ಎತ್ತು, ಹಿಟ್ಟು ಎಲ್ಲ ಧಣಿಯ ಅಂಗಡಿಯಲ್ಲಿ ಉದ್ರಿ. ಸುಗ್ಗಿಯಲ್ಲಿ ಲೆಕ್ಕ ಮಾಡಿದರೆ ಪಾಲಿನವನೇ ಬಾಕಿದಾರ. ಉದ್ರಿ ಪುಸ್ತಕ ಬರೆಯುವವನು ಧಣಿ, ಓದಲು ಬಾರದವನು ಪಾಲಿನವನು ಎಂದ ಮೇಲೆ ಹೆಚ್ಚು ಹೇಳುವುದು ಬೇಡ.

ಕಪ್ಪು ಗಂಡಸರಿಗೆ ಓಟಿನ ಹಕ್ಕು 1870ರಲ್ಲಿ ಕಾಗದದ ಮೇಲೆ ಬಂತು. ತಲೆ ತೆರಿಗೆ, ಅಕ್ಷರ ಪರೀಕ್ಷೆ ಎಂದು ನೆಪ ಹೂಡಿ 1890ರ ನಂತರ ದಕ್ಷಿಣದ ರಾಜ್ಯಗಳು ಅದನ್ನು ಕಿತ್ತುಕೊಂಡವು. ಕಪ್ಪು ಜನರ ಕೈಯಲ್ಲಿ ಉಳಿದದ್ದು ತಮ್ಮದೇ ಚರ್ಚು. ಸಭೆ ಸೇರುವುದು, ಚಂದಾ ಎತ್ತುವುದು, ಮಾತಾಡುವುದು ಎಲ್ಲ ಕಲಿತದ್ದು ಅಲ್ಲೇ. 1955ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ, ಕಪ್ಪು ಜನರಿಗೆ ಬಸ್ಸಿನಲ್ಲಿ ಬೇರೆ ಸೀಟು ಎನ್ನುವುದರ ವಿರುದ್ಧ ಬಸ್ ಬಹಿಷ್ಕಾರ ಶುರುವಾದಾಗ ಜನ ಸೇರಿದ್ದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ನಾಯಕ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. 381 ದಿನ ಬಸ್ ಹತ್ತಲಿಲ್ಲ. ಓಟಿನ ಹಕ್ಕನ್ನು ನಿಜವಾಗಿ ಕಾಪಾಡುವ ಕಾನೂನು ಬಂದದ್ದು 1965ರಲ್ಲಿ.

ಇತ್ತ ಧಾರವಾಡದಲ್ಲಿ

ಯುದ್ಧಕ್ಕೆ ಮೊದಲು ಅಮೆರಿಕದ ದಕ್ಷಿಣದವರಿಗೆ ಒಂದು ಧೈರ್ಯ ಇತ್ತು. 1858ರಲ್ಲಿ ಸೆನೆಟರ್ ಹ್ಯಾಮಂಡ್ 'ಹತ್ತಿಯೇ ರಾಜ' ಎಂದು ಸದನದಲ್ಲಿ ಹೇಳಿದ್ದ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಇವರದ್ದೇ. ನಾವು ಹತ್ತಿ ನಿಲ್ಲಿಸಿದರೆ ಇಂಗ್ಲೆಂಡು ತಾನಾಗಿ ನಮ್ಮ ಪರ ಬರುತ್ತದೆ ಎನ್ನುವ ಲೆಕ್ಕ. ಉತ್ತರದ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಲ್ಯಾಂಕಷೈರಿನ ಗಿರಣಿ ಕೆಲಸಗಾರರು ನಿಜವಾಗಿಯೂ ಉಪವಾಸ ಬಿದ್ದರು. ಆದರೆ ಇಂಗ್ಲೆಂಡು ಯುದ್ಧಕ್ಕೆ ಬರಲಿಲ್ಲ. ಹತ್ತಿಗಾಗಿ ಬೇರೆ ಕಡೆ ನೋಡಿತು. ನೋಡಿದ ಕಡೆ ನಾವಿದ್ದೆವು.

ಧಾರವಾಡ ಭಾಗ ಅಷ್ಟರಲ್ಲಾಗಲೇ ತಯಾರಿತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತು ಜನ ಹತ್ತಿ ತೋಟಗಾರರನ್ನು ಭಾರತಕ್ಕೆ ಕರೆಸಿತ್ತು, ಬೀಜ ಮತ್ತು ಜಿನ್ ಸಮೇತ. ಬಹಳ ಕಡೆ ಆ ಬೀಜ ಹತ್ತಲಿಲ್ಲ. ಧಾರವಾಡದ ಕಪ್ಪು ನೆಲಕ್ಕೆ ಹತ್ತಿತು. 'ಧಾರವಾಡ ಅಮೆರಿಕನ್' ಎಂದು ಮಾರುಕಟ್ಟೆಯಲ್ಲಿ ಅದಕ್ಕೆ ಹೆಸರಾಯಿತು. ನಮ್ಮ ಹೆಂಗಸರು ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಜವಾರಿ ಹತ್ತಿಗೆ ಅದು ನಡೆಯುತ್ತಿತ್ತು. ಅಮೆರಿಕದ ಹತ್ತಿಯ ಅಂಟು ಬೀಜಕ್ಕೆ ನಡೆಯಲಿಲ್ಲ. ಹಾಗಾಗಿ ವಿಟ್ನಿಯ ಪೆಟ್ಟಿಗೆಯ ಮರಿಗಳು ಧಾರವಾಡಕ್ಕೂ ಬಂದವು.

ಯುದ್ಧದ ವರ್ಷಗಳಲ್ಲಿ ಹತ್ತಿಯ ದರ ಕಂಡು ಕೇಳರಿಯದಷ್ಟು ಏರಿತು. ಸರಕು ಸಾಗಿಸಲು ಹತ್ತಿರದ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರದಲ್ಲಿ ಬಂದರಿನ ಕೆಲಸ, ಧಾರವಾಡದಿಂದ ಘಟ್ಟ ಇಳಿಯುವ ರಸ್ತೆ ಎಲ್ಲ ಶುರುವಾಯಿತು. ಒಂದು ಜಿಲ್ಲೆ ಪ್ರಾಂತ್ಯ ಬದಲಾಯಿಸಿದ್ದರ ಹಿಂದೆ ಸಾವಿರಾರು ಮೈಲಿ ಆಚೆಯ ಯುದ್ಧದ ನೆರಳಿತ್ತು. 1865ರಲ್ಲಿ ಯುದ್ಧ ನಿಂತಿತು. ದರ ದಡಕ್ಕನೆ ಬಿತ್ತು. ಮುಂಬೈಯಲ್ಲಿ ಹತ್ತಿಯ ದುಡ್ಡಿನಿಂದ ಎದ್ದ ಷೇರು ಕಂಪನಿಗಳು ಮುಳುಗಿದವು. ಕಾರವಾರ ಎಣಿಸಿದಷ್ಟು ದೊಡ್ಡ ಬಂದರು ಆಗಲೇ ಇಲ್ಲ. ಮುಂದೆ ರೈಲು ಬಂದ ಮೇಲೆ ಹತ್ತಿ ಮರ್ಮಗೋವಾದ ದಾರಿ ಹಿಡಿಯಿತು.

ಬೀಜ ಮಾತ್ರ ವಾಪಸ್ ಹೋಗಲಿಲ್ಲ. ಇವತ್ತು ನಮ್ಮ ಹೊಲದಲ್ಲಿ ಬಿತ್ತುವ ಬಿಟಿ ಹತ್ತಿ ಬಹುಪಾಲು ಅಮೆರಿಕದ ಆ ಅಂಟು ಬೀಜದ ಹತ್ತಿಯ ಕುಲದ್ದೇ. ಕಟ್ಟೆ ಮೇಲೆ ಕೂತವರು 'ಅಮೆರಿಕದ ಹತ್ತಿ ಬಂದು ಬೀಳುತ್ತೆ' ಎಂದಾಗ ನನಗೆ ಅಜ್ಜಿಯ ಮಾತು ನೆನಪಾಯಿತು. ಬಿಡಿಸಿದ ಹತ್ತಿಯನ್ನು ಪಡಸಾಲೆಯಲ್ಲಿ ಎರಡು ರಾಶಿ ಮಾಡುತ್ತಿದ್ದಳು. ಒಂದನ್ನು ತೋರಿಸಿ "ಇದು ಜವಾರಿ" ಎನ್ನುತ್ತಿದ್ದಳು. ಇನ್ನೊಂದಕ್ಕೆ ಅವಳು ಕರೆಯುತ್ತಿದ್ದ ಹೆಸರು "ವಿಲಾಯ್ತಿ".